ಹಿಡಿ

ಲೋಕಲ್ ಗಾಡಿಯ ಹಿಡಿಗೆ ಒಂದು ಗುಣವಿದೆ:
ಒತ್ತಿ ಹಿಡಿದಷ್ಟು ಹೊತ್ತು ಓಡುತ್ತದೆ,
ಕೈ ಬಿಟ್ಟರೆ, ಚಾಲಕ ಸತ್ತನೆಂದು ತಿಳಿದು
ತಾನೇ ಬ್ರೇಕು ಹಾಕಿಕೊಳ್ಳುತ್ತದೆ.
ಹತ್ತೊಂಬತ್ತು ವರ್ಷ, ವಿರಾರಿನಿಂದ ಚರ್ಚ್‌ಗೇಟಿಗೆ,
ನಾನಿನ್ನೂ ಸತ್ತಿಲ್ಲವೆಂದು
ಎಡಗೈಯಲ್ಲಿ ರುಜು ಹಾಕುತ್ತ ಬಂದವನು.

ಮಹಾಲಕ್ಷ್ಮಿ ಸ್ಟೇಷನ್ನಿನ ಪಕ್ಕ
ಕುದುರೆ ಓಡುವ ಮೈದಾನವಿದೆಯೆಂದು
ಗೊತ್ತಿತ್ತು, ನೋಡಿರಲಿಲ್ಲ.
ಮೋಟರ್‌ಮನ್ ಪಕ್ಕಕ್ಕೆ ನೋಡುವಂತಿಲ್ಲ.
ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಾರೆ,
ನಮಗೆ ಸಂಬಳ ಕೊಡುತ್ತಾರೆ.

ಐದು ಜನ. ಐದು ಫಾರ್ಮು ತುಂಬಿದ್ದೇನೆ.
ಐದನೆಯವನು ಟಿಫಿನ್ ಚೀಲವನ್ನು
ಹಳಿಯಿಂದ ದೂರ, ಜೋಪಾನವಾಗಿ ಇಟ್ಟು
ನನ್ನತ್ತ ತಿರುಗಿದ. ನೋಡಿದ.
ಹಾರ್ನು ಹೊಡೆದೆ. ಹಿಡಿ ಬಿಟ್ಟೆ.
ಹನ್ನೆರಡು ಡಬ್ಬಿಯ ಗಾಡಿ,
ನಿಲ್ಲುವುದಕ್ಕೆ ಅದಕ್ಕೆ ಅದರದೇ ಲೆಕ್ಕ.

ಆಮೇಲೆ ಕೈ ಬಿಡಲಿಲ್ಲ.
ಚಹಾದ ಲೋಟ, ಬಸ್ಸಿನ ಕಂಬಿ, ಮಗಳ ಹೆಗಲು,
ಹಿಡಿದದ್ದು ಹಿಡಿದೇ.
"ನಿದ್ದ್ಯಾಗೂ ಗಾಡಿ ಹೊಡೀತೀರಲ್ರಿ," ಅನ್ನುತ್ತಾಳೆ ನೀಲವ್ವ,
ಬೆಳಗಿನ ಜಾವ ನನ್ನ ಬೆರಳು ಒಂದೊಂದೇ ಬಿಡಿಸುತ್ತ.

ರೈಲ್ವೆ ಆಸ್ಪತ್ರೆಯ ಡಾಕ್ಟರಮ್ಮ
ಮಾತ್ರೆಯ ಚೀಟಿಯ ಹಿಂದೆ ಬರೆದುಕೊಟ್ಟಳು:
ರೇಸ್‌ಕೋರ್ಸು, ಲಾಯದ ಗೇಟು, ಶನಿವಾರ ಬೆಳಿಗ್ಗೆ.
"ಹತ್ತುವುದೇನಿಲ್ಲ. ಕುದುರೆಯ ಪಕ್ಕ ನಿಲ್ಲುವುದು."
ನಮ್ಮಪ್ಪ ವಿಜಾಪುರದಲ್ಲಿ ಟಾಂಗಾ ಹೊಡೆದವನು.
ಕುದುರೆ ಪಕ್ಕ ನಿಲ್ಲಲು ಫೀಸು ಕೊಟ್ಟೆನೆಂದರೆ
ಕುಣಿಯಲ್ಲಿ ಕೂತಲ್ಲೇ ನಕ್ಕಾನು.

ಕಾಗದದಲ್ಲಿ ಅವಳ ಹೆಸರು ಸಿಲ್ವರ್ ಅಫಿಡವಿಟ್.
ಲಾಯದ ಮುಲಾನಿ ಕರೆಯುವುದು ಗಂಗೂ.
ಹನ್ನೊಂದು ರೇಸು, ಒಂದು ಗೆಲುವು, ಮುಂಗಾಲಲ್ಲಿ ಒಂದು ಬಿರುಕು.
ಅವಳಿಗೂ ಏನೋ ಆಗಿದೆಯಂತೆ. ಕೇಳಲಿಲ್ಲ.
ಇಲ್ಲಿ ಬರುವ ಎಲ್ಲರಿಗೂ ಏನೋ ಆಗಿದೆ.

ಮೂರು ಶನಿವಾರ ಬೆನ್ನು ತೋರಿಸಿ ನಿಂತಳು.
ಮನಸ್ಸಿನ ಡಾಕ್ಟರು ಫ್ರೆನಿಬಾಯಿ,
ಗಂಬೂಟು, ಬಾಚದ ಬಿಳಿಕೂದಲು,
"ಏನನ್ನಿಸಿತು?" ಎಂದರು.
"ಹಸಿವು," ಅಂದೆ.
ಬರೆದುಕೊಂಡರು.

ನಾಲ್ಕನೆಯ ಸಲ ಹಗ್ಗ ಕೊಟ್ಟರು.
ಹಿಡಿದೆ, ನನಗೆ ಗೊತ್ತಿರುವ ಹಾಗೆ.
ಗಂಗೂ ಕಿವಿ ಹಿಂದೊತ್ತಿ, ಬಿಳಿಗುಡ್ಡೆ ತೋರಿಸಿ
ಕಂಬವಾದಳು. ಎಳೆದಷ್ಟೂ ಕಂಬ.
ಅಷ್ಟರಲ್ಲಿ ಗೋಡೆಯಾಚೆ ಬೋರಿವಲಿ ಫಾಸ್ಟು,
ನೋಡದೆಯೇ ಗುರುತು ಹತ್ತಿತು,
ನನ್ನ ನಡುಕ ಹಗ್ಗದುದ್ದ ಹರಿದು
ಅವಳ ಕತ್ತಿನ ಚರ್ಮ, ನೊಣ ಕೂತಂತೆ, ಅದುರಿತು.

"ಸೋಡಾ ಸಾಹೇಬ," ತಂಬಾಕು ತಿಕ್ಕುತ್ತ ಮುಲಾನಿ,
"ಬಿಡಿ. ಅವಳು ಹೋಗುವುದಾದರೂ ಎಲ್ಲಿಗೆ?"

ಬಿಡುವುದು.
ಬಿಟ್ಟರೆ ಏನಾಗುತ್ತದೆಂದು ನನಗೆ ತರಬೇತಿಯಿದೆ:
ಗಾಳಿ ಸೀಳುವ ಸದ್ದು, ಡಬ್ಬಿಗೆ ಡಬ್ಬಿ ಗುದ್ದಿ
ನಿಲ್ಲದೆ, ನಿಲ್ಲದೆ, ನಿಲ್ಲುವುದು.

ಕಿರುಬೆರಳಿನಿಂದ ಶುರು ಮಾಡಿದೆ.
ಹಗ್ಗ ಅಂಗೈಯ ಮೇಲೆ ಸುಮ್ಮನೆ ಮಲಗಿತು.
ಎಲ್ಲಿತ್ತೋ, ಉದ್ದನೆಯ ಒಂದು ಉಸಿರು ಹೊರಬಿತ್ತು.
ಅವಳೂ ಬಿಟ್ಟಳು, ತುಟಿ ಪಟಪಟಿಸಿ,
ನನ್ನ ಅಂಗಿಯೆಲ್ಲ ಜೊಲ್ಲು.
ಒಂದು ಹೆಜ್ಜೆ ಇಟ್ಟಳು. ಇನ್ನೊಂದು.
ನನಗೂ ಅವಳಿಗೂ ನಡುವೆ ಒಂದು ಗೇಣು ಉಳಿಸಿ
ನಿಂತಳು.

ಐನೂರು ಕಿಲೋ ಇದ್ದಾಳು, ಅಂದ ಮುಲಾನಿ.
ಅಷ್ಟು ಭಾರ
ಒಬ್ಬ ಮನುಷ್ಯನ ಮುಂದೆ
ಸಮಯಕ್ಕೆ ನಿಂತದ್ದನ್ನು
ನಾನು ಕಂಡೇ ಇರಲಿಲ್ಲ.

ಫ್ರೆನಿಬಾಯಿ ಏನೂ ಕೇಳಲಿಲ್ಲ.
ಟಿಫಿನ್ ಚೀಲದವನ ಹೆಸರು ಫಾರ್ಮಿನಲ್ಲಿ ಬರೆದವನು ನಾನೇ,
ಬಾಯಿಂದ ಅಂದದ್ದು ಅವತ್ತೇ ಮೊದಲು,
ಗಂಗೂಳ ಕಿವಿಗೆ. ಕಿವಿ ಒಮ್ಮೆ ಹೊರಳಿತು, ಅಷ್ಟೇ.

ಮುಲಾನಿ ಒಂದು ಹಿಡಿ ನೆನೆಸಿದ ಕಡಲೆ ಸುರಿದ.
"ಅಂಗೈ ಚಪ್ಪಟೆ ಇಡಿ," ಅಂದ,
"ಮುಷ್ಟಿ ಕಟ್ಟಿದರೆ ಕಚ್ಚುತ್ತಾಳೆ."